ಬ್ಯಾಟರಿ ಗಾಡಿಯ ವೇಗವರ್ಧನೆ: ಲಾಭವೆಷ್ಟು, ಎಚ್ಚರಿಕೆ ಏನು?

ಹಂಪಿಯಲ್ಲಿ ಗೆಜ್ಜಲ ಮಂಟಪದ ಬಳಿಯಿಂದ ವಿಜಯವಿಠ್ಠಲ ದೇವಾಲಯದವರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ವಾಹನಗಳು ಬಳ್ಳಾರಿ ಸೀಮೆಯವರಿಗೆ ಚಿರಪರಿಚಿತ. ಮೂಲತಃ ಗಾಲ್ಫ್ ಮೈದಾನಕ್ಕಾಗಿ ರೂಪುಗೊಂಡ ಈ ಬಗೆಯ ಗಾಡಿಗಳು ಇಂದು ಕಾರ್ಖಾನೆ, ಆಸ್ಪತ್ರೆ ಹಾಗೂ ವಿದ್ಯಾಸಂಸ್ಥೆಗಳ ಆವರಣಗಳಲ್ಲಿಯೂ ಬಳಕೆಯಲ್ಲಿವೆ. ರೂಪನಗುಡಿ, ಕುರುಗೋಡು, ಸಿರುಗುಪ್ಪ ಭಾಗಗಳಲ್ಲಿ ವಿಸ್ತಾರವಾದ ಅಂಗಳವುಳ್ಳ ಗಿರಣಿ, ಗೋದಾಮುಗಳಿಗೂ ಇವು ಉಪಯುಕ್ತ. ಹಳೆಯ ಗಾಡಿ ಕೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ವೇಗ ಹೆಚ್ಚಿಸಬಹುದೇ ಎಂಬುದು. ಹೆಚ್ಚಿಸಬಹುದು, ಆದರೆ ಆ ಕೆಲಸವನ್ನು ಒಪ್ಪಿಕೊಳ್ಳುವ ವರ್ಕ್‌ಶಾಪಿನವರು ಮೊದಲು ಲೆಕ್ಕ ಅರಿತಿರಬೇಕು.

ವೇಗದ ಮೂಲ

ಗಾಡಿಯ ವೇಗವನ್ನು ಮೂರು ಅಂಶಗಳು ನಿರ್ಧರಿಸುತ್ತವೆ: ಮೋಟಾರಿನ ಸುತ್ತುಗಳು, ಗೇರಿನ ಅನುಪಾತ ಮತ್ತು ಚಕ್ರದ ವ್ಯಾಸ. ಮೋಟಾರು ನಿಮಿಷಕ್ಕೆ 3,000 ಸುತ್ತು ತಿರುಗಿ, ಗೇರಿನ ಅನುಪಾತ 12ಕ್ಕೆ 1 ಇದ್ದರೆ ಚಕ್ರ ನಿಮಿಷಕ್ಕೆ 250 ಸುತ್ತು ತಿರುಗುತ್ತದೆ. 18 ಇಂಚು ವ್ಯಾಸದ ಟೈರಿಗೆ ಇದು ಗಂಟೆಗೆ ಸುಮಾರು 21.5 ಕಿ.ಮೀ. ಟೈರನ್ನು 22 ಇಂಚಿಗೆ ಏರಿಸಿದರೆ ವೇಗ 26 ಕಿ.ಮೀ. ದಾಟುತ್ತದೆ, ಆದರೆ ನೆಲದ ಮೇಲಿನ ಎಳೆಯುವ ಬಲ ಶೇ. 18ರಷ್ಟು ಕುಗ್ಗುತ್ತದೆ, ಗಾಡಿಯ ಎತ್ತರವೂ ಹೆಚ್ಚುತ್ತದೆ. ಏರು ಹತ್ತುವಾಗ ಮೋಟಾರು ಹೆಚ್ಚು ವಿದ್ಯುತ್ ಎಳೆದು ಕಾಯುತ್ತದೆ.

ಎರಡನೆಯ ಮಾರ್ಗ ಕಂಟ್ರೋಲರ್ ಬದಲಾವಣೆ. ಇಲ್ಲಿ ಮರೆಯಬಾರದ ನಿಯಮವೊಂದಿದೆ: ವಿದ್ಯುತ್ ಪ್ರವಾಹ ಒಂದೂವರೆ ಪಟ್ಟಾದರೆ ತಂತಿಗಳಲ್ಲಿ ಹುಟ್ಟುವ ಶಾಖ ಎರಡೂಕಾಲು ಪಟ್ಟಾಗುತ್ತದೆ. ಆದುದರಿಂದ ಕಂಟ್ರೋಲರಿನೊಡನೆ ಕೇಬಲ್, ಫ್ಯೂಸು, ಸೊಲೆನಾಯ್ಡ್ ಸ್ವಿಚ್ಚುಗಳನ್ನೂ ತಕ್ಕ ಸಾಮರ್ಥ್ಯಕ್ಕೆ ಬದಲಾಯಿಸುವುದು ಅನಿವಾರ್ಯ. ಬಳ್ಳಾರಿಯ ಬೇಸಿಗೆಯಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಮೋಟಾರಿನ ತಯಾರಕರು ಸೂಚಿಸಿದ ವೋಲ್ಟೇಜು ಹಾಗೂ ಗರಿಷ್ಠ ಸುತ್ತುಗಳನ್ನು ಮೀರುವುದು ಸರ್ವಥಾ ಸಲ್ಲದು.

ಸೀಸ–ಆಮ್ಲ ಬ್ಯಾಟರಿಗೆ ಬದಲಾಗಿ ಲಿಥಿಯಂ ಬ್ಯಾಟರಿ ಅಳವಡಿಸಿದರೆ ಬ್ಯಾಟರಿಗಳ ತೂಕ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಆದರೆ ಅದಕ್ಕೆ ತಕ್ಕ ಚಾರ್ಜರ್ ಬೇಕು. ಬ್ಯಾಟರಿಯ ರಕ್ಷಣಾ ಸರ್ಕ್ಯೂಟಿನ ಮಿತಿ 200 ಆಂಪಿಯರ್ ಇದ್ದು ಕಂಟ್ರೋಲರ್ 400 ಆಂಪಿಯರ್ ಕೇಳುವಂತಿದ್ದರೆ, ತುಂಬಿದ ಗಾಡಿ ಏರಿನ ನಡುವೆಯೇ ನಿಂತುಬಿಡುವ ಸಂಭವವಿದೆ.

ನಿಲ್ಲಿಸುವ ಲೆಕ್ಕ

ವೇಗ ಕೊಡುವುದಕ್ಕಿಂತ ನಿಲ್ಲಿಸುವುದು ಕಠಿಣ. ವೇಗ 20ರಿಂದ 30 ಕಿ.ಮೀ.ಗೆ ಏರಿದಾಗ ಬ್ರೇಕು ಹೀರಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಚಾಲಕ ಪ್ರತಿಕ್ರಿಯಿಸಲು ಒಂದು ಸೆಕೆಂಡು ಬೇಕೆಂದೂ, ಬ್ರೇಕು ಸಾಧಾರಣ ಮಟ್ಟದ್ದೆಂದೂ ಭಾವಿಸಿದರೆ, 20 ಕಿ.ಮೀ. ವೇಗದಲ್ಲಿ ಸುಮಾರು 11 ಮೀಟರಿನಲ್ಲಿ ನಿಲ್ಲುವ ಗಾಡಿಗೆ 30 ಕಿ.ಮೀ. ವೇಗದಲ್ಲಿ 20 ಮೀಟರ್ ಬೇಕು. ಅನೇಕ ಗಾಲ್ಫ್ ಗಾಡಿಗಳಿಗೆ ಹಿಂದಿನ ಚಕ್ರಗಳಲ್ಲಿ ಮಾತ್ರ ಬ್ರೇಕು ಇರುತ್ತದೆ. ತಿರುವಿನಲ್ಲಿ ಗಾಡಿಯನ್ನು ಉರುಳಿಸುವ ಬಲವೂ ಇದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಬಾಗಿಲು, ಬೆಲ್ಟುಗಳಿಲ್ಲದ ಗಾಡಿಯಿಂದ ಮೊದಲು ಹೊರಬೀಳುವವರು ಅಂಚಿನಲ್ಲಿ ಕುಳಿತವರು.

ಆದುದರಿಂದ ಕೆಲಸದ ಕ್ರಮ ಹೀಗಿರುವುದು ಲೇಸು: ಮೊದಲು ನಾಲ್ಕೂ ಚಕ್ರಗಳಿಗೆ ಬ್ರೇಕು, ಸ್ಟೀರಿಂಗ್ ಜೋಡಣೆ ಮತ್ತು ಆ ವೇಗಕ್ಕೆ ತಕ್ಕ ಟೈರು, ಅನಂತರ ಸೀಟ್ ಬೆಲ್ಟು, ದೀಪ, ಕನ್ನಡಿ, ಬಳಿಕ ಕೇಬಲ್ ಮತ್ತು ಫ್ಯೂಸು, ಕಟ್ಟಕಡೆಗೆ ಕಂಟ್ರೋಲರ್. ಪೂರ್ಣ ಭಾರ ಹೇರಿ, ಖಾಲಿ ಅಂಗಳದಲ್ಲಿ ನಿಲುಗಡೆಯ ದೂರ ಅಳೆದ ಮೇಲೆಯೇ ವೇಗದ ಮಿತಿಯನ್ನು ನಿಗದಿಪಡಿಸಬೇಕು.

ಕಾನೂನಿನ ಗಡಿ

ಕಾರ್ಖಾನೆ ಅಥವಾ ಇತರ ಆವೃತ ಆವರಣದಲ್ಲಿ ಮಾತ್ರ ಬಳಸಲು ರೂಪಿಸಿದ ವಿಶೇಷ ವಾಹನವನ್ನು 1988ರ ಮೋಟಾರು ವಾಹನಗಳ ಕಾಯ್ದೆಯು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗೇಟು ದಾಟಿ ರಸ್ತೆಗಿಳಿಸುವ ಗಾಡಿಗೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ನೋಂದಣಿ, ವಿಮೆಗಳ ಪ್ರಶ್ನೆ ಏಳುತ್ತದೆ. ನೋಂದಾಯಿತ ವಾಹನದ ಮಾರ್ಪಾಡನ್ನು ಇದೇ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಕೊನೆಯದಾಗಿ ವ್ಯಾಪಾರದ ಲೆಕ್ಕ. ಒಂದು ಕಿ.ಮೀ. ದೂರವನ್ನು 20 ಕಿ.ಮೀ. ವೇಗದಲ್ಲಿ ಕ್ರಮಿಸಲು ಮೂರು ನಿಮಿಷ, 30 ಕಿ.ಮೀ. ವೇಗದಲ್ಲಿ ಎರಡು ನಿಮಿಷ ಹಿಡಿಯುತ್ತದೆ. ಉಳಿತಾಯ ಒಂದೇ ನಿಮಿಷ. ಜನ ಹತ್ತಿಳಿಯುವಲ್ಲಿ, ಸರಕು ತುಂಬುವಲ್ಲಿ, ಚಾರ್ಜಿಗೆ ಕಾಯುವಲ್ಲಿ ಇದಕ್ಕಿಂತ ಹೆಚ್ಚು ಸಮಯ ಪೋಲಾಗುತ್ತಿದ್ದರೆ ಹಣವನ್ನು ಮೊದಲು ಅಲ್ಲಿ ಹೂಡುವುದೇ ಜಾಣತನ. ವೇಗ ನಿಜಕ್ಕೂ ಬೇಕೆನಿಸಿದಲ್ಲಿ, ಬ್ರೇಕಿನ ಖರ್ಚನ್ನು ಬಿಟ್ಟು ಮೋಟಾರಿನ ಖರ್ಚಿಗೆ ಮಾತ್ರ ಒಪ್ಪುವ ಗ್ರಾಹಕರ ಕೆಲಸವನ್ನು ವಿನಯದಿಂದ ನಿರಾಕರಿಸುವುದು ವರ್ಕ್‌ಶಾಪಿನ ಹೆಸರಿಗೂ ಜನರ ಜೀವಕ್ಕೂ ಹಿತ.