ಅಳಿವೆಯ ಗಜನಿ ಭೂಮಿ ಮತ್ತು ಅದರ ಸಂರಕ್ಷಣೆ

ನದಿಯು ಸಮುದ್ರವನ್ನು ಸೇರುವ ಸ್ಥಳಕ್ಕೆ ಅಳಿವೆಯೆಂದು ಹೆಸರು. ಅಳಿವೆಯ ಬದಿಯ ಉಪ್ಪುನೆಲವು ನಿರುಪಯುಕ್ತವೆಂದು ಭಾವಿಸುವವರು ಅನೇಕರಿರುವರು. ಆದರೆ ಅದೇ ನೆಲವು ಸರಿಯಾದ ವ್ಯವಸ್ಥೆಯಲ್ಲಿದ್ದರೆ ಒಂದೇ ವರ್ಷದಲ್ಲಿ ಬತ್ತವನ್ನೂ ಮೀನನ್ನೂ ಕೊಡಬಲ್ಲುದು. ಈ ವ್ಯವಸ್ಥೆಯು ಹೇಗೆ ನಡೆಯುವುದು, ಯಾವುದರಿಂದ ಕೆಡುವುದು, ಅದನ್ನು ಉಳಿಸಲು ಗ್ರಾಮದ ಮುಖಂಡರೂ ಜಮೀನುದಾರರೂ ಏನು ಮಾಡತಕ್ಕದ್ದು ಎಂಬುದನ್ನು ಅಘನಾಶಿನಿ ಅಳಿವೆಯ ಉದಾಹರಣೆಯಿಂದ ಇಲ್ಲಿ ವಿವರಿಸಿದೆ.

ಅಳಿವೆಯ ನೀರು: ಅಘನಾಶಿನಿಯು ಸಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವುದು. ಇದರ ಹರಿವಿಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ದಿನಕ್ಕೆ ಎರಡು ಸಲ ಭರತದ ಉಪ್ಪುನೀರು ಒಳಕ್ಕೆ ಬಂದು, ಇಳಿತದಲ್ಲಿ ಹಿಂದಿರುಗುವುದು. ಮಳೆಗಾಲದಲ್ಲಿ ನದಿಯ ಸಿಹಿನೀರು ಹೆಚ್ಚಿ ಉಪ್ಪನ್ನು ಹೊರಕ್ಕೆ ದೂಡುವುದು. ಈ ಏರುಪೇರನ್ನು ಅರಿತೇ ನಮ್ಮ ಹಿರಿಯರು ಗಜನಿ ಸಾಗುವಳಿಯನ್ನು ರೂಢಿಸಿದರು. ಈ ಅಳಿವೆಯು 2024ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು ಮಾನ್ಯವಾಗಿದೆ.

ಸಾಗುವಳಿಯ ಕ್ರಮ: ಗಜನಿಯ ಸುತ್ತಲೂ ಒಡ್ಡು, ಒಡ್ಡಿನಲ್ಲಿ ತೂಬು ಇರುವುವು. ಬೇಸಿಗೆಯ ಕೊನೆಯಲ್ಲಿ ತೂಬನ್ನು ಮುಚ್ಚಿ ನೆಲವನ್ನು ಆರಿಸಿ ಹದಗೊಳಿಸುವರು. ಮಳೆಯು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬತ್ತವನ್ನು ಎರಚುವರು. ಕಗ್ಗವು ಎತ್ತರವಾಗಿ ಬೆಳೆದು ಉಪ್ಪನ್ನೂ ನೆರೆಯನ್ನೂ ತಾಳುವ ಜಾತಿ, ಗೊಬ್ಬರವನ್ನು ಬೇಡುವುದಿಲ್ಲ. ಕೊಯ್ಲಿನಲ್ಲಿ ತೆನೆಯ ಭಾಗವನ್ನು ಮಾತ್ರ ಕೊಯ್ದು ಉಳಿದ ಹುಲ್ಲನ್ನು ನೆಲದಲ್ಲಿಯೇ ಬಿಡುವರು. ಬಳಿಕ ತೂಬನ್ನು ತೆರೆದರೆ ಭರತದೊಡನೆ ಮೀನು ಮತ್ತು ಸೀಗಡಿಯ ಮರಿಗಳು ಒಳಬಂದು, ಆ ಹುಲ್ಲು ಕೊಳೆತುಂಟಾದ ಆಹಾರದಿಂದ ಬೆಳೆಯುವುವು.

ಕಾಂಡ್ಲದ ಉಪಯೋಗ: ಒಡ್ಡಿನ ಹೊರಗಿನ ಕಾಂಡ್ಲ ಗಿಡಗಳ ಬೇರುಗಳು ಕೆಸರನ್ನು ಹಿಡಿದು ಅಲೆಯ ಹೊಡೆತವನ್ನು ತಗ್ಗಿಸುವುವು. ಅವುಗಳ ಉದುರೆಲೆಯು ಕೊಳೆತು ಮೀನಿಗೂ ಏಡಿಗೂ ಆಹಾರವಾಗುವುದು. ಮರಿಗಳಿಗೆ ಬೇರಿನ ನಡುವೆ ಆಶ್ರಯವುಂಟು. ಸೌದೆಗಾಗಿ ಕಾಂಡ್ಲವನ್ನು ಕಡಿದವನು ತನ್ನ ಗದ್ದೆಯ ಒಡ್ಡನ್ನೇ ಕಡಿದಂತೆ.

ಕೆಡುವ ಕಾರಣ: ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸೀಗಡಿಯ ಬೆಲೆಯು ಏರಲು, ಅನೇಕ ಗಜನಿಗಳು ಸೀಗಡಿಯ ಕೊಳಗಳಾದುವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಬಂದು ಕೊಳಗಳು ಹಾಳಾದುವು. ಬತ್ತವು ಮಾತ್ರ ಹಿಂದಿರುಗಲಿಲ್ಲ. ನನ್ನ ತಿರುಗಾಟದಲ್ಲಿ ಕಂಡ ಒಂದು ಗ್ರಾಮದಲ್ಲಿ ಮೀನಿನ ಗುತ್ತಿಗೆ ಹಿಡಿದವನು ಮಳೆ ಹಿಡಿಯುವವರೆಗೂ ತೂಬನ್ನು ತೆರೆದಿರಿಸಿದನು. ಆ ವರ್ಷ ಬಿತ್ತನೆ ನಿಂತಿತು. ಮರುವರ್ಷವೂ ಹಾಗೆಯೇ ಆಯಿತು. ಮೂರನೆಯ ವರ್ಷ ಬಿತ್ತಲು ಮನಸ್ಸು ಮಾಡಿದಾಗ, ಕಗ್ಗದ ಬೀಜವು ಆ ಊರಿನ ಯಾವ ಮನೆಯಲ್ಲಿಯೂ ಇರಲಿಲ್ಲ. ಗುತ್ತಿಗೆಯ ಹಣವು ಅಷ್ಟರಲ್ಲಿ ಖರ್ಚಾಗಿಹೋಗಿತ್ತು.

ಮಾಡತಕ್ಕ ಕೆಲಸಗಳು:

1. ಮೀನಿನ ಗುತ್ತಿಗೆಯ ಪತ್ರದಲ್ಲಿ ತೂಬು ಮುಚ್ಚತಕ್ಕ ದಿನವನ್ನು ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಆ ದಿನವನ್ನು ಗಜನಿಯ ಎಲ್ಲ ಹಿಡುವಳಿದಾರರೂ ಸೇರಿ ನಿಶ್ಚಯಿಸತಕ್ಕದ್ದು. ಒಬ್ಬನ ತೂಬು ತೆರೆದಿದ್ದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುವುದು.

2. ಮಳೆಗೆ ಮುಂಚೆ ಒಡ್ಡನ್ನು ನಡೆದು ನೋಡಿ, ಏಡಿಯ ಬಿಲಗಳನ್ನು ಜೇಡಿಮಣ್ಣಿನಿಂದ ಮುಚ್ಚತಕ್ಕದ್ದು. ಇದಕ್ಕೆ ಕಾಂಡ್ಲದ ಬುಡದ ಮಣ್ಣನ್ನು ತೆಗೆಯಕೂಡದು.

3. ಒಡ್ಡಿನ ಹೊರಬದಿಯು ಬರಿದಾಗಿದ್ದಲ್ಲಿ ಅರಣ್ಯ ಇಲಾಖೆಯ ಸಲಹೆಯಂತೆ ಕಾಂಡ್ಲವನ್ನು ನೆಡಿಸತಕ್ಕದ್ದು.

4. ಇಳಿತದ ವೇಳೆಯಲ್ಲಿ ಬಳಚು ಆಯುವುದು ಎಷ್ಟೋ ಬಡ ಕುಟುಂಬಗಳ ಜೀವನ. ಎಳೆಯ ಬಳಚನ್ನು ಬಿಟ್ಟು ಬಲಿತುದನ್ನು ಮಾತ್ರ ಆಯುವಂತೆ ತಿಳಿಯಹೇಳಬೇಕು. ಬಳಚು ಇರುವ ಮರಳುದಿಣ್ಣೆಗಳಲ್ಲಿ ಮರಳು ತೋಡಗೊಡಬಾರದು.

5. 2005ರ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆಯಂತೆ ನೋಂದಣಿಯಿಲ್ಲದೆ ಸೀಗಡಿಯ ಕೊಳಗಳನ್ನು ನಡೆಸುವುದು ಸಲ್ಲದೆಂಬುದನ್ನು ಗುತ್ತಿಗೆ ಕೇಳಬರುವವರಿಗೆ ಮೊದಲೇ ತಿಳಿಸತಕ್ಕದ್ದು.

6. ಪ್ರತಿ ಊರಿನಲ್ಲಿಯೂ ಕೆಲವು ಮನೆಗಳವರಾದರೂ ಪ್ರತಿವರ್ಷ ಕಗ್ಗವನ್ನು ಬಿತ್ತಿ ಬೀಜವನ್ನು ಕಾಪಾಡತಕ್ಕದ್ದು.

ಇವುಗಳಲ್ಲಿ ಹೆಚ್ಚಿನ ಹಣ ಬೇಡುವ ಕೆಲಸವು ಒಂದೂ ಇಲ್ಲ. ಊರಿನ ಒಮ್ಮತವು ಮಾತ್ರ ಬೇಕು. ಒಡೆದ ಒಡ್ಡನ್ನು ಸರಕಾರವು ಕಟ್ಟಿಸಿಕೊಡಬಹುದು. ಮನೆಯಲ್ಲಿ ಮುಗಿದುಹೋದ ಬೀಜವನ್ನು ಮಾತ್ರ ಯಾವ ಇಲಾಖೆಯೂ ಹೊಸದಾಗಿ ಸೃಷ್ಟಿಸಿಕೊಡಲಾರದು. ಆದುದರಿಂದ ಗ್ರಾಮದ ಮುಖಂಡರು ಬರುವ ಬಿತ್ತನೆಗೆ ಮುಂಚೆಯೇ ಹಿಡುವಳಿದಾರರ ಸಭೆಯನ್ನು ಕೂಡಿಸಿ, ತೂಬು ಮುಚ್ಚುವ ದಿನವನ್ನು ಗೊತ್ತುಮಾಡುವುದು ಅತ್ಯಾವಶ್ಯಕ.