ಕೆಂಪು ಚುಕ್ಕೆಯಿಂದ ವರದಿಯವರೆಗೆ: ಎಕ್ಸ್-ರೇ ಓದೋದನ್ನು ಕಲಿಸುವ ಬಗೆ

ಎಕ್ಸ್-ರೇ ತೆಗೆಯೋರು ರೇಡಿಯೋಗ್ರಾಫರ್. ಅದನ್ನು ಓದಿ ವರದಿ ಬರೆಯೋ ಡಾಕ್ಟರ್ ರೇಡಿಯಾಲಜಿಸ್ಟ್. ಆದರೆ ಚಿತ್ರವನ್ನು ಎಲ್ಲರಿಗಿಂತ ಮೊದಲು ನೋಡೋದು ತೆಗೆದವರೇ ಅಲ್ವಾ? ಅವರಿಗೂ ಓದೋದನ್ನು ಕಲಿಸಿದರೆ ಹೇಗೆ? ಬ್ರಿಟನ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಆ ತರಬೇತಿಯ ಹಿಂದಿನ ತರ್ಕವನ್ನು ಈ ಪಾಠದಲ್ಲಿ ನೋಡೋಣ.

1. ಒಂದು ಚುಕ್ಕೆ, ಒಂದು ಬಿಟ್

ರಾತ್ರಿ ಹೊತ್ತು ಅಪಘಾತ ವಿಭಾಗದಲ್ಲಿ ರೇಡಿಯಾಲಜಿಸ್ಟ್ ಇರೋದಿಲ್ಲ. ಕಿರಿಯ ಡಾಕ್ಟರೇ ಫಿಲ್ಮ್ ನೋಡಿ ತೀರ್ಮಾನ ಮಾಡಬೇಕು. ಮುರಿತ ಕಣ್ತಪ್ಪಿದರೆ ರೋಗಿ ಮುರಿದ ಕೈಯಲ್ಲೇ ಮನೆಗೆ ಹೋಗಬೇಕಾಗುತ್ತೆ. ಇದಕ್ಕೆ 1980ರ ದಶಕದಲ್ಲಿ ಲಂಡನ್‌ನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಒಂದು ಸುಲಭದ ದಾರಿ ಕಂಡುಕೊಂಡರು: ಏನೋ ಸರಿಯಿಲ್ಲ ಅನ್ನಿಸಿದರೆ ರೇಡಿಯೋಗ್ರಾಫರ್ ಫಿಲ್ಮ್ ಮೇಲೆ ಕೆಂಪು ಚುಕ್ಕೆ ಅಂಟಿಸೋದು.

ನಮ್ಮ ಭಾಷೆಯಲ್ಲಿ ಇದು 1 ಬಿಟ್ ಮಾಹಿತಿ. ತೊಂದರೆ ಇರೋದೂ ಅಲ್ಲೇ. ಚುಕ್ಕೆ ಇದ್ದರೆ ದೋಷ ಎಲ್ಲಿದೆ ಅಂತ ಗೊತ್ತಾಗಲ್ಲ. ಚುಕ್ಕೆ ಇಲ್ಲದಿದ್ದರೆ ಚಿತ್ರ ಸರಿಯಿದೆ ಅಂತಲೋ, ಯಾರೂ ನೋಡಿಲ್ಲ ಅಂತಲೋ, ನೋಡಿದವರಿಗೆ ಅನುಮಾನ ಇತ್ತು ಅಂತಲೋ ಗೊತ್ತಾಗಲ್ಲ. ಹಾಗಾಗಿ ಚುಕ್ಕೆಯ ಜಾಗದಲ್ಲಿ ಎರಡು ಸಾಲಿನ ಟಿಪ್ಪಣಿ ಬರೆಸೋ ಕಡೆಗೆ ಹೊರಳಿದರು. 1990ರ ದಶಕದಿಂದ ಸ್ನಾತಕೋತ್ತರ ತರಬೇತಿ ಪಡೆದ ರೇಡಿಯೋಗ್ರಾಫರ್‌ಗಳು ಪೂರ್ತಿ ವರದಿಯನ್ನೇ ಬರೆಯತೊಡಗಿದರು.

2. ಮೊಣಕೈ ಒಂದು ಉದಾಹರಣೆ

ಕಲಿಯೋರು ಮೊದಲು ಮುರಿತದ ಗೆರೆ ಹುಡುಕ್ತಾರೆ. ಆದರೆ ಗೆರೆ ಕಾಣದೇ ಇರಬಹುದು. ಅದಕ್ಕೇ ತರಬೇತಿಯಲ್ಲಿ ನೋಡುವ ಕ್ರಮವನ್ನು ಕಲಿಸ್ತಾರೆ.

• ಕೊಬ್ಬಿನ ನೆರಳು: ಮೊಣಕೈಯನ್ನು ಮಡಚಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ತೋಳಿನ ಮೂಳೆಯ ಹಿಂಬದಿಯ ಕೊಬ್ಬು ಕಾಣಬಾರದು. ಕಂಡರೆ, ಕೀಲಿನೊಳಗೆ ದ್ರವ ತುಂಬಿ ಅದನ್ನು ಹೊರಗೆ ತಳ್ಳಿದೆ ಅಂತ ಅರ್ಥ. ಪೆಟ್ಟು ಬಿದ್ದಿದ್ದರೆ, ಗೆರೆ ಕಾಣದಿದ್ದರೂ ಮುರಿತದ ಅನುಮಾನ ಇಟ್ಟುಕೊಳ್ಳಲೇಬೇಕು.

• ಸರಳರೇಖೆ: ಮುಂಗೈಯ ರೇಡಿಯಸ್ ಮೂಳೆಯ ನಡುವೆ ಎಳೆದ ಗೆರೆ, ತೋಳಿನ ಮೂಳೆಯ ತುದಿಯಲ್ಲಿರೋ ಕ್ಯಾಪಿಟೆಲ್ಲಮ್ ಅನ್ನೋ ಗುಂಡನೆಯ ಭಾಗವನ್ನು ಹಾದುಹೋಗಬೇಕು. ತಪ್ಪಿಹೋದರೆ ಕೀಲು ಜಾರಿರಬಹುದು.

• ಮಕ್ಕಳಲ್ಲಿ ಸರದಿ: ಮಗುವಿನ ಮೊಣಕೈಯಲ್ಲಿ 6 ಕಡೆ ಮೂಳೆಯ ಚೂರುಗಳು ಒಂದಾದ ಮೇಲೊಂದು ಬೆಳೆಯುತ್ತವೆ. ಒಳಮಗ್ಗುಲಿನ ಚೂರು ಮೊದಲು, ಟ್ರಾಕ್ಲಿಯಾ ಆಮೇಲೆ. ಟ್ರಾಕ್ಲಿಯಾದ ಜಾಗದಲ್ಲಿ ಚೂರು ಕಾಣ್ತಿದೆ, ಒಳಮಗ್ಗುಲಿನದು ಮಾತ್ರ ಇಲ್ಲ ಅಂದ್ರೆ? ಅದು ಕಿತ್ತುಬಂದು ಕೀಲಿನೊಳಗೆ ಸಿಕ್ಕಿಕೊಂಡಿರಬಹುದು. ಸರದಿ ಗೊತ್ತಿಲ್ಲದವರು 'ಎಲ್ಲ ಸರಿಯಿದೆ' ಅಂತ ಮುಂದೆ ಹೋಗ್ತಾರೆ.

• ಒಂದು ಸಿಕ್ಕ ಮೇಲೂ ನಿಲ್ಲಬೇಡಿ: ಮುಂಗೈಯ ಅಲ್ನಾ ಮುರಿದಿದೆ ಅಂತ ಕಂಡ ಕೂಡಲೇ ಕಣ್ಣು ವಿಶ್ರಾಂತಿ ಬಯಸುತ್ತೆ. ಪಕ್ಕದಲ್ಲೇ ರೇಡಿಯಸ್ ಜಾರಿದ್ದು ತಪ್ಪಿಹೋಗುತ್ತೆ. ಈ ಜೋಡಿ ಗಾಯಕ್ಕೆ ಮಾಂಟೆಜಿಯಾ ಅಂತ ಹೆಸರೇ ಇದೆ.

3. ಎಷ್ಟು ಅನುಮಾನ ಸರಿ?

ಅನುಮಾನ ಬಂದದ್ದಕ್ಕೆಲ್ಲ ಚುಕ್ಕೆ ಹಚ್ಚಿದರಾಯ್ತು ಅಂತೀರಾ? ಒಂದು ಲೆಕ್ಕ ಹಾಕೋಣ. 100 ಜನರಲ್ಲಿ 20 ಜನಕ್ಕೆ ಮುರಿತ ಇದೆ ಅಂತಿಟ್ಟುಕೊಳ್ಳಿ. ಅವರಲ್ಲಿ 18 ಜನಕ್ಕೆ ಸರಿಯಾಗಿ ಚುಕ್ಕೆ ಬಿತ್ತು. ಉಳಿದ 80 ಜನರಲ್ಲಿ 8 ಜನಕ್ಕೆ ಸುಮ್ಮನೆ ಬಿತ್ತು. ಸೆನ್ಸಿಟಿವಿಟಿ 90%, ಸ್ಪೆಸಿಫಿಸಿಟಿಯೂ 90%. ಆದರೂ ಬಿದ್ದ 26 ಚುಕ್ಕೆಗಳಲ್ಲಿ ನಿಜವಾದದ್ದು 18, ಅಂದ್ರೆ ಸುಮಾರು 69%. ಸುಳ್ಳು ಚುಕ್ಕೆ ಇನ್ನೂ ಹೆಚ್ಚಿದರೆ ಡಾಕ್ಟರ್ ಚುಕ್ಕೆಯನ್ನು ನಂಬೋದನ್ನೇ ಬಿಡ್ತಾರೆ. ತಪ್ಪಿಹೋದ ಆ 2 ಜನರ ನೋವೂ ಲೆಕ್ಕಕ್ಕೆ ಬರಬೇಕು. ಅದಕ್ಕೇ ತರಬೇತಿಯಲ್ಲಿ ಸಹಜ ಚಿತ್ರಗಳನ್ನೂ ರಾಶಿ ರಾಶಿ ತೋರಿಸ್ತಾರೆ, ಬರೆದದ್ದನ್ನು ಅನುಭವಿಗಳ ವರದಿಯ ಜೊತೆ ಹೋಲಿಸ್ತಾರೆ.

ನಮ್ಮಲ್ಲಿ ಎಷ್ಟೋ ಜನ ಪ್ರಾಜೆಕ್ಟ್‌ಗೆ ಎಕ್ಸ್-ರೇ ಡೇಟಾಸೆಟ್ ತಗೊಂಡು 'ಮುರಿತ ಇದೆ / ಇಲ್ಲ' ಅಂತ ಹೇಳೋ ಮಾಡೆಲ್ ಮಾಡ್ತೀವಿ. ಅದೂ ಆ ಹಳೇ ಕೆಂಪು ಚುಕ್ಕೆಯೇ. ಮುಂದಿನ ಸಲ ಅಕ್ಯುರೆಸಿ ಬರೆಯೋ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಮಾಡೆಲ್ ಎಲ್ಲಿ ನೋಡ್ತು? ಯಾಕೆ ಹಾಗಂತು? ಅದು ಸುಮ್ಮನಿದ್ದಾಗ ಅದರ ಅರ್ಥ ಏನು?