ಹಳೇ ಕಾಗದದ ನೌಕರಿಗೆ ಹೊರಟವಳಿಗೆ

ಸಾರಕ್ಕಿ, ಬೆಂಗಳೂರು



ಇತಿಹಾಸದಲ್ಲಿ ಎಂ.ಎ. ಮಾಡಿದ ಹುಡುಗಿ ಪತ್ರಾಗಾರದ ಕೆಲಸಕ್ಕೆ ಸೇರುತ್ತೇನೆ ಅಂದರೆ ಮನೆಯವರು ಮೂಗು ಮುರಿಯುತ್ತಾರೆ. ಹಳೇ ಕಾಗದ ಕಾಯುವುದಕ್ಕೆ ಇಷ್ಟು ಓದಬೇಕಿತ್ತೇ ಎಂದು ಕೇಳುತ್ತಾರೆ. ಹಾಗೆ ಕೇಳಿದವರನ್ನು ನಮ್ಮ ಸಾರಕ್ಕಿ ಕೆರೆಯ ಏರಿಗೆ ಕರೆದುಕೊಂಡು ಹೋಗು.

2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಈ ಕೆರೆಯ ಒತ್ತುವರಿ ತೆರವಿಗೆ ಇಳಿಯಿತು. ಸುಮಾರು 82 ಎಕರೆಯ ಕೆರೆಯಲ್ಲಿ ಮೂವತ್ತಕ್ಕೂ ಹೆಚ್ಚು ಎಕರೆಯ ಮೇಲೆ ಮನೆ, ಮಳಿಗೆ, ಅಪಾರ್ಟ್‌ಮೆಂಟ್ ಎದ್ದಿದ್ದವು. ಅಲ್ಲಿದ್ದವರ ಕೈಯಲ್ಲೂ ಕ್ರಯಪತ್ರವಿತ್ತು, ಖಾತೆಯಿತ್ತು, ಕಂದಾಯ ಕಟ್ಟಿದ ರಸೀದಿಯಿತ್ತು. ಅದೆಲ್ಲಕ್ಕೂ ಎದುರಾಗಿ ನಿಂತದ್ದು ಹಳೆಯ ಗ್ರಾಮ ನಕ್ಷೆ, ಸರ್ವೆ ದಾಖಲೆ. ಆ ನಕ್ಷೆಯನ್ನು ಗೆದ್ದಲು ತಿಂದಿದ್ದರೆ ಕೆರೆ ಎಲ್ಲಿಯವರೆಗಿತ್ತು ಎಂದು ಹೇಳಲು ಆಧಾರವೇ ಇರುತ್ತಿರಲಿಲ್ಲ. ಅದೇ ನಕ್ಷೆ ಸೈಟು ಕೊಳ್ಳುವ ಮೊದಲೇ ಆ ಕುಟುಂಬಗಳ ಕಣ್ಣಿಗೆ ಬಿದ್ದಿದ್ದರೆ ಅವರ ಜೀವಮಾನದ ಉಳಿತಾಯ ಮಣ್ಣುಪಾಲಾಗುತ್ತಿರಲಿಲ್ಲ. ದಾಖಲೆ ಉಳಿದರಷ್ಟೇ ಸಾಲದು. ಬೇಕಾದವರಿಗೆ ಬೇಕಾದ ಹೊತ್ತಿಗೆ ಸಿಗಬೇಕು. ಈ ನೌಕರಿಯ ಸಾರವೆಲ್ಲ ಇಷ್ಟರಲ್ಲೇ ಇದೆ.

ಸರ್ವೆ ಕಾಗದಗಳು ಇರುವುದು ತಾಲ್ಲೂಕು ಕಚೇರಿ, ಭೂಮಾಪನ ಇಲಾಖೆಗಳ ರೆಕಾರ್ಡ್ ರೂಮುಗಳಲ್ಲಿ, ನಿಜ. ಆದರೆ ಅಲ್ಲಿ ಕೂತವರ ಧರ್ಮವೂ ಪತ್ರಾಗಾರದವರ ಧರ್ಮವೂ ಒಂದೇ.

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ 1973ರಲ್ಲಿ ಶುರುವಾಯಿತು. ಕಚೇರಿ ವಿಧಾನಸೌಧದ ನೆಲಮಹಡಿಯಲ್ಲಿ. ಮೇಲಿನ ಮಹಡಿಗಳಲ್ಲಿ ಸರ್ಕಾರಗಳು ಬಂದು ಹೋಗುತ್ತವೆ, ಅವು ಬರೆದದ್ದು ಕೆಳಗೆ ಉಳಿಯುತ್ತದೆ. ಹಿಂದೆಯೂ ಹಾಗೇ ಆಯಿತು: 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1881ರಲ್ಲಿ ಮತ್ತೆ ಒಡೆಯರಿಗೆ ಬಂತು. ಅದೇ ವರ್ಷ ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಆ ಸಭೆಯಲ್ಲಿ ರೈತರು, ವರ್ತಕರು ದಿವಾನರ ಮುಂದೆ ಇಟ್ಟ ಅಹವಾಲು ಇಂದು ನಮಗೆ ಸಿಗುವುದು ನಡವಳಿಗಳು ಉಳಿದದ್ದರಿಂದ.

ಕಾಗದವನ್ನು ಉಳಿಸುವುದಕ್ಕೆ ಕೈಯೂ ಪಳಗಬೇಕು, ಕಣ್ಣೂ ಪಳಗಬೇಕು. ಹಳೆಯ ಕಬ್ಬಿಣದ ಶಾಯಿಯಲ್ಲಿ ಆಮ್ಲವಿರುತ್ತದೆ. ವರ್ಷಗಳು ಕಳೆದಂತೆ ಅಕ್ಷರವೇ ಕಾಗದವನ್ನು ಕೊರೆದುಬಿಡುತ್ತದೆ. ಅಂಥ ಹಾಳೆಯ ಆಮ್ಲ ತೆಗೆದು, ತೆಳುವಾದ ಜಪಾನಿ ಟಿಶ್ಯೂ ಹಾಳೆಯನ್ನು ಗಂಜಿಯಂಟಿನಿಂದ ಹಚ್ಚುತ್ತಾರೆ. ಸೆಲ್ಲೋಟೇಪು ಮಾತ್ರ ಯಾವ ಕಾರಣಕ್ಕೂ ಮುಟ್ಟಿಸಬಾರದು. ಅದರ ಅಂಟು ಕಂದಾಗಿ ಕಾಗದಕ್ಕಿಳಿದರೆ ಬಿಡಿಸುವುದು ಬಲು ಕಷ್ಟ.

ಹೊಸಬರಿಗೆ ಇನ್ನೊಂದು ಆಸೆ ಹುಟ್ಟುತ್ತದೆ: ಕಟ್ಟು ಬಿಚ್ಚಿ ಕೆರೆಯದ್ದೆಲ್ಲ ಒಂದು ಕಡೆ, ರಸ್ತೆಯದ್ದೆಲ್ಲ ಇನ್ನೊಂದು ಕಡೆ ಜೋಡಿಸೋಣ ಎಂದು. ದಯವಿಟ್ಟು ಬೇಡ. ಯಾವ ಕಚೇರಿಯಿಂದ ಬಂತೋ ಆ ಕಚೇರಿಯ ಹೆಸರಲ್ಲೇ, ಬಂದ ಕ್ರಮದಲ್ಲೇ ಇಡುವುದು ಲೋಕದ ಎಲ್ಲ ಪತ್ರಾಗಾರಗಳೂ ಒಪ್ಪಿದ ನಿಯಮ. ಯಾವ ಅರ್ಜಿಗೆ ಯಾವ ಟಿಪ್ಪಣಿ, ಯಾವ ಟಿಪ್ಪಣಿಗೆ ಯಾವ ಹುಕುಂ ಎಂಬ ಕೊಂಡಿ ಆ ಕ್ರಮದಲ್ಲೇ ಅಡಗಿರುತ್ತದೆ.

ಶೃಂಗೇರಿಯ ಪ್ರಸಂಗ ನೆನಪಿಟ್ಟುಕೊ. 1791ರಲ್ಲಿ ಮರಾಠಾ ಪಡೆಯ ದಂಡು ಮಠವನ್ನು ಸುಲಿಯಿತು. ಆಗ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಮಠದಲ್ಲೇ ಉಳಿದಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ಯಾರು ಯಾವ ಪಕ್ಷ ಹಿಡಿದರೂ ಆ ಪತ್ರಗಳಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಕಟ್ಟಿಟ್ಟವರು ಯಾರ ಪಕ್ಷವನ್ನೂ ನೋಡದೆ ಕಟ್ಟಿಟ್ಟರು. ನೀನೂ ಹಾಗೇ ಮಾಡು. ನಿನಗೆ ಹಿಡಿಸದ ಕಡತಕ್ಕೆ ಇನ್ನೂ ಹೆಚ್ಚು ಜೋಪಾನ ಬೇಕು.

ಎಲ್ಲವನ್ನೂ ಇಟ್ಟುಕೊಳ್ಳಲು ಯಾವ ಸರ್ಕಾರಕ್ಕೂ ಜಾಗವಿಲ್ಲ. ಯಾವುದು ಕಾಯಂ, ಯಾವುದು ರದ್ದಿ ಎಂದು ತೀರ್ಮಾನಿಸುವಾಗ ನಿನ್ನ ಮಾತಿಗೆ ಬೆಲೆ ಬರುತ್ತದೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 1892ಕ್ಕಿಂತ ಹಿಂದಿನ ದಾಖಲೆಗಳ ನಾಶವನ್ನು, ಅವು ಪತ್ರಾಗಾರದ ಬಳಕೆಗೆ ಬಾರದಷ್ಟು ಕೆಟ್ಟಿದ್ದರೆ ಹೊರತು, ತಡೆಯುತ್ತದೆ. ತಪ್ಪಿದವರಿಗೆ ಐದು ವರ್ಷದವರೆಗೆ ಸೆರೆವಾಸವನ್ನೂ ಹೇಳುತ್ತದೆ. ನಿನ್ನ ಮೇಜಿನ ಮೇಲೆ ಅದರ ಒಂದು ಪ್ರತಿ ಇರಲಿ.

ಕಷ್ಟವನ್ನೂ ಹೇಳಿಬಿಡಬೇಕು. ಧೂಳು ಎದೆಗೆ ಇಳಿಯುತ್ತದೆ, ಮುಖಗವಸಿಲ್ಲದೆ ಕಟ್ಟು ಬಿಚ್ಚಬೇಡ. ಹೆಸರು ಪುಸ್ತಕ ಬರೆದವರಿಗೆ ಹೋಗುತ್ತದೆ, ಕಡತ ಹುಡುಕಿಕೊಟ್ಟವರಿಗಲ್ಲ. ಆದರೂ ದೂರದ ಹಳ್ಳಿಯಿಂದ ಅಜ್ಜನ ಜಮೀನಿನ ಹುಕುಂ ಹುಡುಕಿ ಬಂದವನಿಗೂ ವಿದೇಶದ ಪ್ರೊಫೆಸರಿಗೂ ಒಂದೇ ಕುರ್ಚಿ ಹಾಕು.

ನೇಮಕಾತಿ ಪರೀಕ್ಷೆಗೆ ಓದುವುದರ ಜೊತೆಗೆ ಮೋಡಿ ಲಿಪಿ ಕಲಿ. ಹಳೆಯ ಮರಾಠಿ ಕಾಗದಗಳು ಅದರಲ್ಲಿವೆ, ಓದಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅರ್ಜಿ ಹಾಕುವ ಮುನ್ನ ಒಂದು ದಿನ ವಿಧಾನಸೌಧಕ್ಕೆ ಹೋಗು. ಅನುಮತಿ ಪಡೆದು ಪ್ರಜಾಪ್ರತಿನಿಧಿ ಸಭೆಯ ಸಂಪುಟವೊಂದನ್ನು ಕೇಳಿ ತರಿಸಿಕೊಂಡು ಸಂಜೆಯವರೆಗೆ ಓದು. ಆಮೇಲೂ ಮನಸ್ಸು ಗಟ್ಟಿಯಾಗಿದ್ದರೆ ಮನೆಯವರ ಹತ್ತಿರ ನಾನೇ ಬಂದು ಮಾತಾಡುತ್ತೇನೆ.